ಅಕ್ಷರದ ಅಡಿಯ ಬಣ್ಣ



ತಪಸ್ಸುಕಾಲ ಬಂದಿತೆಂದರೆ ಉಪವಾಸ, ಶಿಲುಬೆ ಹಾದಿ, ಪಾಪನಿವೇದನೆ ನಮ್ಮೆಲ್ಲರ ನೆನಪಿಗೆ ಬರುತ್ತವೆ. ನನಗಾದರೋ ಕಳೆದ ವರ್ಷದಿಂದ ಒಂದು ಹಳೆಯ ಕೆಂಪು ವ್ಯಾನು ಸಹ ನೆನಪಿಗೆ ಬರುತ್ತದೆ. ಹುಬ್ಬಳ್ಳಿಯ ಕೇಶ್ವಾಪುರದ ಒಂದು ಮನೆಯ ಅಂಗಳದಲ್ಲಿ ಅದು ನಿಂತಿದೆ. ಆ ಮನೆಯವರ ಒಪ್ಪಿಗೆ ಪಡೆದೇ ಈ ಮಾತುಗಳನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದರು, ಹಾಗಾಗಿ ಹೇಳುವುದಿಲ್ಲ.

ಮನೆಯ ಹಿರಿಯರು ಹುಬ್ಬಳ್ಳಿ ರೈಲ್ವೆ ಕಾರ್ಯಾಗಾರದಲ್ಲಿ ಬೋಗಿಗಳಿಗೆ ಬಣ್ಣ ಬಳಿಯುತ್ತಿದ್ದವರು. ನಿವೃತ್ತರಾಗಿ ಬಹಳ ವರ್ಷಗಳಾದವು. ಅವರಿಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ಕೂಡಿ ಮದುವೆ, ಹಬ್ಬಗಳಿಗೆ ದೀಪಾಲಂಕಾರ ಮತ್ತು ಧ್ವನಿವರ್ಧಕ ಒದಗಿಸುವ ಉದ್ಯೋಗ ಆರಂಭಿಸಿದರು. 2006ರಲ್ಲಿ ಒಂದು ಮಾರುತಿ ಓಮ್ನಿ ಕೊಂಡರು. ಎರಡು ವರ್ಷ ಕಳೆದು ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಅದರ ಎರಡೂ ಬದಿಗೆ ಹಳದಿ ಅಕ್ಷರಗಳ ಸ್ಟಿಕರ್ ಅಂಟಿಸಿದರು. ಮೇಲೆ ಅಣ್ಣನ ಹೆಸರು, ಅದರ ಕೆಳಗೆ ತಮ್ಮನ ಹೆಸರು, ಎಲ್ಲಕ್ಕೂ ಕೆಳಗೆ ದೊಡ್ಡದಾಗಿ ‘ಬ್ರದರ್ಸ್’ ಎಂಬ ಪದ.

ನಮ್ಮೂರಲ್ಲಿ ಇಂತಹ ಸ್ಟಿಕರಿಗೆ ‘ರೇಡಿಯಂ’ ಎನ್ನುವ ರೂಢಿಯಿದೆ. ಕತ್ತಲಲ್ಲಿ ಹೊಳೆಯುವುದಕ್ಕೆಲ್ಲ ರೇಡಿಯಂ ಎಂದು ಕರೆದ ಕಾಲದಿಂದ ಆ ಮಾತು ಉಳಿದುಕೊಂಡಿದೆ. ನಿಜವಾಗಿ ಅದರಲ್ಲಿ ರೇಡಿಯಂ ಎಂಬ ಧಾತುವಿನ ಒಂದು ಕಣವೂ ಇಲ್ಲ. ಅದು ಬೆನ್ನಿಗೆ ಅಂಟು ಹಚ್ಚಿದ ತೆಳುವಾದ ಪ್ಲಾಸ್ಟಿಕ್ ಹಾಳೆ. ಸ್ಟಿಕರಿನ ಹೆಸರೇ ಒಂದು ಅಂಟಿಸಿದ ಹೆಸರು! ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆರು ವರ್ಷಗಳ ಹಿಂದೆ ತಮ್ಮ ಗಿರಾಕಿಗಳಿಂದ ಮುಂಗಡ ಹಣ ಪಡೆದು, ಅಣ್ಣನಿಗೆ ತಿಳಿಸದೆ ಸಾಲವನ್ನೂ ಮಾಡಿ, ಒಂದು ಮುಂಜಾನೆ ಗೋವೆಗೆ ಹೊರಟುಹೋದ. ಸಾಲಗಾರರು ಬಾಗಿಲಿಗೆ ಬಂದರು. ಅಣ್ಣ ಹೆಂಡತಿಯ ಬಂಗಾರ ಅಡವಿಟ್ಟು ಸಾಲ ತೀರಿಸಿದ. ಅಂದಿನಿಂದ ಆ ಮನೆಯಲ್ಲಿ ತಮ್ಮನ ಹೆಸರೆತ್ತುವವರಿಲ್ಲ. ‘ಓಡಿಹೋದವ’ ಎಂಬುದೇ ಅವನ ಹೆಸರಾಯಿತು. ಮನೆಯ ಚಿಕ್ಕ ಮಕ್ಕಳೂ ಚಿಕ್ಕಪ್ಪನನ್ನು ಹಾಗೆಯೇ ಕರೆಯಲು ಕಲಿತರು. ಆದರೆ ವ್ಯಾನಿನ ಮೇಲಿನ ಅಕ್ಷರಗಳು ಹಾಗೆಯೇ ಇದ್ದವು. ಸರ್ವೋದಯ ಸರ್ಕಲ್ಲಿನಲ್ಲಿ ಗಾಡಿ ನಿಂತರೆ ಸಾಕು, ಯಾರಾದರೂ ಓದಿ, “ತಮ್ಮ ಎಲ್ಲಿ ಅದಾನ್ರಿ?” ಎಂದು ಕೇಳುತ್ತಿದ್ದರು. ಅಣ್ಣನಿಗೆ ಆ ಪ್ರಶ್ನೆ ಪ್ರತಿ ದಿನ ಗಾಯದ ಮೇಲೆ ಬರೆ ಎಳೆದಂತೆ.

ಬ್ಲೇಡು ಹಿಡಿದ ಕೈ

ಕಳೆದ ವರ್ಷ ವಿಭೂತಿ ಬುಧವಾರದ ನಂತರದ ಶನಿವಾರ. ರಮೇಶ್ ಭವನದ ಕಡೆಯಿಂದ ಬರುತ್ತಿದ್ದವನು, ಹಿರಿಯರಿಗೆ ಹುಷಾರಿಲ್ಲವೆಂದು ಕೇಳಿ ಆ ಮನೆಗೆ ಹೋದೆ. ಅಂಗಳದಲ್ಲಿ ಹಿರಿಯ ಮಗ ಬ್ಲೇಡು ಹಿಡಿದು ತಮ್ಮನ ಹೆಸರಿನ ಮೊದಲ ಅಕ್ಷರವನ್ನು ಕೆರೆಯುತ್ತಿದ್ದ. ಬಿಸಿಲಿಗೆ ಒಣಗಿದ ಸ್ಟಿಕರು ಹಿಟ್ಟಿನಂತೆ ಉದುರುತ್ತಿತ್ತು. ಅದರ ಜೊತೆಗೆ ಕೆಂಪು ಬಣ್ಣವೂ ಉದುರುತ್ತಿತ್ತು. ಮೂರು ಗೀರುಗಳು ಆಗಲೇ ಬಿದ್ದಿದ್ದವು, ಅವುಗಳ ತಳದಲ್ಲಿ ಬೂದು ಬಣ್ಣದ ಪ್ರೈಮರ್ ಕಾಣುತ್ತಿತ್ತು.

ಒಳಗಿನಿಂದ ಹಿರಿಯರು ಗೋಡೆ ಹಿಡಿದುಕೊಂಡು ಬಂದರು. “ತಡಿಯೋ, ಆ ಬ್ಲೇಡ್ ತಗಿ. ಹಿಂಗ ಕೆರದ್ರ ಅಕ್ಷರಾನೂ ಹೋಗತೈತಿ, ಗಾಡಿ ಬಣ್ಣಾನೂ ಹೋಗತೈತಿ. ಆಮ್ಯಾಲ ತುಕ್ಕ ಹಿಡಿಯೂದು ನಿನ್ನ ಗಾಡಿಗೇ” ಎಂದರು.

“ಹೆಸರು ಹೋದ್ರ ಸಾಕಪಾ, ಬಣ್ಣ ಹೋದ್ರ ಹೋಗಲಿ” ಎಂದ ಮಗ.

ಪ್ರಿಯರೇ, ಈ ಮಾತನ್ನು ನಾವೂ ಆಡಿಲ್ಲವೇ? ನಮ್ಮನ್ನು ನೋಯಿಸಿದವರ ನೆನಪನ್ನು ಕೆರೆದು ತೆಗೆಯುವ ಆತುರದಲ್ಲಿ ನಮ್ಮ ಮೈಯನ್ನೇ ಕೆರೆದುಕೊಳ್ಳುತ್ತೇವೆ. ಮಾತು ಬಿಡುತ್ತೇವೆ, ಮದುವೆಗೆ ಕರೆಯುವುದಿಲ್ಲ, ಮಣ್ಣಿಗೂ ಹೋಗುವುದಿಲ್ಲ. ಎದುರಿನವನಿಗೆ ಎಷ್ಟು ತಗುಲುತ್ತದೋ ಗೊತ್ತಿಲ್ಲ, ತುಕ್ಕು ಹಿಡಿಯುವುದು ಮಾತ್ರ ನಮ್ಮ ಮನೆಯ ಗಾಡಿಗೆ.

ಬಿಸಿ ಮತ್ತು ಸಹನೆ

ಹಿರಿಯರು ಕುರ್ಚಿ ತರಿಸಿ ಕುಳಿತರು. ಬೋಗಿಗಳ ಮೇಲೆ ನಡೆಸಿದ ಕೈಗಳಿಂದ ಸನ್ನೆ ಮಾಡುತ್ತ ಮಗನಿಗೆ ಕೆಲಸ ಕಲಿಸಿದರು. ಹೇಗೆಂದು ಹೇಳುತ್ತೇನೆ, ಮನೆಯಲ್ಲಿ ಹಳೆಯ ಗಾಡಿ ಇದ್ದವರಿಗೂ ಉಪಯೋಗವಾದೀತು.

ಮೊದಲು ಸೋಪಿನ ನೀರಿನಿಂದ ಧೂಳು ತೊಳೆಯಬೇಕು. ಧೂಳಿನ ಮೇಲೆ ಉಜ್ಜಿದರೆ ಆ ಧೂಳೇ ಬಣ್ಣವನ್ನು ಗೀರುತ್ತದೆ. ಅನಂತರ ಬಿಸಿ. ಸೊಸೆ ಕೂದಲು ಒಣಗಿಸುವ ಡ್ರೈಯರ್ ತಂದುಕೊಟ್ಟಳು. ಅದನ್ನು ಒಂದೇ ಕಡೆ ಹಿಡಿಯದೆ, ಹಿಂದೆ ಮುಂದೆ ಆಡಿಸುತ್ತ ಅಕ್ಷರವನ್ನು ಕಾಯಿಸಬೇಕು. ಕೈಯಿಟ್ಟರೆ ಬಿಸಿ ಅನ್ನಿಸಬೇಕು, ಸುಡಬಾರದು. ಹೊಸ ಸ್ಟಿಕರಿನ ಪ್ಲಾಸ್ಟಿಕ್ಕಿನಲ್ಲಿ ಅದನ್ನು ಮೆತ್ತಗಿಡುವ ಎಣ್ಣೆಯಂತಹ ಪದಾರ್ಥ ಸೇರಿರುತ್ತದೆ. ವರ್ಷಗಳ ಬಿಸಿಲಿಗೆ ಅದು ಆರಿಹೋಗಿ ಹಾಳೆ ಹಪ್ಪಳದಂತೆ ಪುಡಿಯಾಗುತ್ತದೆ, ಹಿಂದಿನ ಅಂಟೂ ಗಟ್ಟಿಯಾಗುತ್ತದೆ. ಬಿಸಿ ತಗುಲಿದಾಗ ಎರಡೂ ಸ್ವಲ್ಪ ಮೆತ್ತಗಾಗುತ್ತವೆ. ಆಗ ಮೂಲೆಯೊಂದನ್ನು ಉಗುರಿನಿಂದಲೋ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದಲೋ ಎಬ್ಬಿಸಿ, ಹಾಳೆಯನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿದಂತೆ ನಿಧಾನವಾಗಿ ಎಳೆಯಬೇಕು. ನೆಟ್ಟಗೆ ಹೊರಕ್ಕೆ ಜಗ್ಗಿದರೆ ಬಣ್ಣವೇ ಎದ್ದು ಬರಬಹುದು. ಅದರಲ್ಲೂ ಅಪಘಾತವಾಗಿ ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿದ ಜಾಗದಲ್ಲಿ ಹೆಚ್ಚು ಎಚ್ಚರ ಬೇಕು, ಕಾರ್ಖಾನೆಯಲ್ಲಿ ಬೇಯಿಸಿದ ಬಣ್ಣದ ಹಿಡಿತ ಅದಕ್ಕೆ ಇರುವುದಿಲ್ಲ.

ಹಾಳೆ ಹೋದ ಮೇಲೆ ಅಂಟು ಉಳಿಯುತ್ತದೆ. ಅದಕ್ಕೆ ಹಿರಿಯರು ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿಸಿದರು. ಅದನ್ನೂ ಮೊದಲು ಬಾಗಿಲ ಕೆಳಗೆ ಕಾಣದ ಮೂಲೆಯಲ್ಲಿ ಹಚ್ಚಿ ನೋಡಿಸಿದರು. ಥಿನ್ನರ್ ಬೇಡವೇ ಬೇಡ ಎಂದರು, ಅದು ಬಣ್ಣವನ್ನೇ ಕರಗಿಸೀತು. ಡ್ರೈಯರನ್ನು ದೂರ ಇಡಿಸಿ, ಬಟ್ಟೆಯನ್ನು ಅಂಟಿನ ಮೇಲೆ ಕೆಲವು ನಿಮಿಷ ಇಟ್ಟು, ಒರೆಸಿ, ಮತ್ತೆ ಸೋಪಿನಿಂದ ತೊಳೆಸಿದರು.

ಒಂದು ಬದಿ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ಬ್ಲೇಡಿನಿಂದ ಅರ್ಧ ತಾಸಿನಲ್ಲಿ ಮುಗಿಯಬಹುದಾಗಿದ್ದ ಕೆಲಸ!

ಪ್ರಭು ಯೇಸು ಪಾಪಿಗಳೊಡನೆ ನಡೆದುಕೊಂಡ ರೀತಿಯನ್ನು ನಾನು ಆ ಸಂಜೆ ಹೊಸದಾಗಿ ಧ್ಯಾನಿಸಿದೆ. ಜೆರಿಕೋ ಪಟ್ಟಣದಲ್ಲಿ ಜಕ್ಕಾಯನ ಮೇಲೆ ಊರಿನವರು ಪಾಪಿ ಎಂಬ ಚೀಟಿ ಅಂಟಿಸಿದ್ದರು. ಪ್ರಭು ಅವನಿಗೆ ಉಪದೇಶ ಮಾಡುವುದಕ್ಕೆ ಮೊದಲು ಅವನ ಹೆಸರು ಹಿಡಿದು ಕರೆದರು, ಅವನ ಮನೆಯಲ್ಲಿ ತಂಗಿದರು. ಆ ಪ್ರೀತಿಯ ಬಿಸಿಗೆ ಅವನ ಹಣದ ಮೋಹ ತಾನಾಗಿ ಸಡಿಲವಾಯಿತು. ಇನ್ನೊಮ್ಮೆ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳೆಂದು ಒಬ್ಬ ಹೆಂಗಸನ್ನು ಎಳೆದು ತಂದು ನಡುವೆ ನಿಲ್ಲಿಸಿದಾಗ ಪ್ರಭು ಬಗ್ಗಿ ನೆಲದ ಮೇಲೆ ಬರೆಯುತ್ತಿದ್ದರೆಂದು ಸಂತ ಯೊವಾನ್ನರ ಶುಭಸಂದೇಶ ಹೇಳುತ್ತದೆ. ನಾಲ್ಕು ಶುಭಸಂದೇಶಗಳಲ್ಲಿ ಯೇಸು ಬರೆದ ಪ್ರಸಂಗ ಅದೊಂದೇ. ಏನು ಬರೆದರೋ ನಮಗೆ ತಿಳಿಸಿಲ್ಲ. ಎಲ್ಲಿ ಬರೆದರು ಎಂಬುದನ್ನು ಮಾತ್ರ ತಿಳಿಸಿದೆ: ಮಣ್ಣಿನ ಮೇಲೆ. ಗಾಳಿ ಬಂದರೆ ಅಳಿಸಿಹೋಗುವ ಕಡೆ ಅವರು ಬರೆದರು. ನಾವು ಮನುಷ್ಯರ ಹಣೆಯ ಮೇಲೆ ಬರೆಯುತ್ತೇವೆ, ಅದೂ ಮಳೆಗೆ ಹೋಗದ ಅಂಟು ಹಾಕಿ.

ಹೋಗದೆ ಉಳಿದ ಹೆಸರು

ಮಾರನೆಯ ದಿನ ಭಾನುವಾರ. ಬಲಿಪೂಜೆ ಮುಗಿದ ಮೇಲೆ ಹಿರಿಯ ಮಗನೇ ಬಂದು, “ಫಾದರ್, ಒಮ್ಮೆ ಬಂದು ನೋಡ್ರಿ” ಎಂದ. ಹೋದೆ. ಸ್ಟಿಕರೂ ಇಲ್ಲ, ಅಂಟೂ ಇಲ್ಲ. ಆದರೆ ಬೆಳಗಿನ ಬಿಸಿಲಿನಲ್ಲಿ ಎರಡೂ ಹೆಸರುಗಳು, ಕೆಳಗಿನ ‘ಬ್ರದರ್ಸ್’ ಎಂಬ ಪದ, ಎಲ್ಲವನ್ನೂ ಸ್ಪಷ್ಟವಾಗಿ ಓದಬಹುದಿತ್ತು. ಕೆಂಪಿನ ಮೇಲೆ ಇನ್ನೂ ಗಾಢವಾದ ಕೆಂಪು ಅಕ್ಷರಗಳು.

ಮಗ ಸೋತ ಧ್ವನಿಯಲ್ಲಿ ಅಪ್ಪನಿಗೆ, “ಇಷ್ಟ ಮಾಡಿದ್ರೂ ಕಲಿ ಹೋಗಲಿಲ್ಲ ನೋಡಪಾ” ಎಂದ.

ಹಿರಿಯರು ಹತ್ತಿರ ಹೋಗಿ ತಮ್ಮ ಕಿರಿಯ ಮಗನ ಹೆಸರಿನ ಮೇಲೆ ಬೆರಳಾಡಿಸಿದರು. “ಇದು ಕಲಿ ಅಲ್ಲೋ. ಇದು ಈ ಗಾಡಿ ಖರೇ ಬಣ್ಣ. ನಾವು ತಂದಾಗ ಪೂರಾ ಗಾಡಿ ಹಿಂಗ ಇತ್ತು. ಮಾಸಿದ್ದು ಸುತ್ತಲಿಂದು” ಎಂದರು.

ಸಹೋದರ ಸಹೋದರಿಯರೇ, ಅಪ್ಪ ಹೇಳಿದ್ದು ಬಣ್ಣದ ಕೆಲಸದವರಿಗೆಲ್ಲ ಗೊತ್ತಿರುವ ಸಂಗತಿ. ಸ್ಟಿಕರು ತನ್ನ ಅಡಿಯ ಬಣ್ಣಕ್ಕೆ ಬಿಸಿಲು ತಗುಲದಂತೆ ಮುಚ್ಚಿಡುತ್ತದೆ. ಸುತ್ತಲಿನ ಬಣ್ಣ ಮಾತ್ರ ಸೂರ್ಯನ ನೇರಳಾತೀತ ಕಿರಣಗಳಿಗೆ ಒಡ್ಡಿಕೊಂಡು ವರ್ಷ ವರ್ಷ ಸವೆಯುತ್ತದೆ, ಮೇಲ್ಮೈ ಸುಣ್ಣದ ಹುಡಿಯಂತಾಗುತ್ತದೆ. ಕೆಂಪು ಬಣ್ಣವಂತೂ ಬೇಗನೆ ಮಾಸುತ್ತದೆ. ದಿನಾ ನೋಡುವ ಮನೆಯವರಿಗೆ ಅದು ತಿಳಿಯುವುದೇ ಇಲ್ಲ. ಸ್ಟಿಕರು ಎದ್ದ ದಿನ, ಮೊದಲಿನ ಬಣ್ಣ ಪಕ್ಕದಲ್ಲಿ ಕಂಡಾಗ, ಎಷ್ಟು ಮಾಸಿದ್ದೇವೆಂಬುದು ಗೊತ್ತಾಗುತ್ತದೆ.

ಆ ಮಗ ಬಹಳ ಹೊತ್ತು ಮಾತಾಡಲಿಲ್ಲ. ಅವನ ಮನಸ್ಸಿನಲ್ಲಿ ಏನು ಓಡಿತೋ ನಾನು ಕೇಳಲಿಲ್ಲ. ನನ್ನ ಮನಸ್ಸಿನಲ್ಲಿ ಓಡಿದ್ದನ್ನು ಹೇಳುತ್ತೇನೆ. ತಮ್ಮ ತಪ್ಪು ಮಾಡಿದ್ದು ನಿಜ, ಹಣ ಹೋದದ್ದು ನಿಜ, ಅಪ್ಪನೂ ಅದನ್ನು ಅಲ್ಲಗಳೆಯಲಿಲ್ಲ. ಆದರೆ ‘ಓಡಿಹೋದವ’ ಎಂಬ ಚೀಟಿಯ ಅಡಿಯಲ್ಲಿ ಅಪ್ಪನ ಮಗ, ಅಣ್ಣನ ತಮ್ಮ, ಬಾಲ್ಯದಲ್ಲಿ ಒಂದೇ ಚಾಪೆಯಲ್ಲಿ ಮಲಗಿದವನು, ಹಾಗೆಯೇ ಇದ್ದ. ಈ ಆರು ವರ್ಷಗಳಲ್ಲಿ ಮಾಸಿದ್ದು ಆ ಇಡೀ ಮನೆ.

ಸಂತ ಲೂಕರ ಶುಭಸಂದೇಶದಲ್ಲಿ ದುಂದುಗಾರ ಮಗನ ಸಾಮತಿಯನ್ನು ಓದುವಾಗ ನಾವು ಕಿರಿಯವನನ್ನೇ ನೋಡುತ್ತೇವೆ. ಹಿರಿಯವನ ಮಾತನ್ನು ಒಮ್ಮೆ ಗಮನಿಸಿ. ತಂದೆಯೊಡನೆ ಜಗಳವಾಡುವಾಗ ಅವನು ಬಂದವನನ್ನು ನನ್ನ ತಮ್ಮ ಎಂದು ಕರೆಯುವುದಿಲ್ಲ, ನಿನ್ನ ಈ ಮಗ ಎಂದು ದೂರ ನಿಲ್ಲಿಸಿ ಮಾತಾಡುತ್ತಾನೆ. ತಂದೆ ಉತ್ತರ ಕೊಡುವಾಗ ಅದನ್ನು ಮೆಲ್ಲಗೆ ತಿದ್ದಿ, ಬಂದವನು ನಿನ್ನ ತಮ್ಮ ಎಂದು ನೆನಪಿಸುತ್ತಾನೆ. ಹೊಸ ಹೆಸರನ್ನೇನೂ ಕೊಡಲಿಲ್ಲ, ಚೀಟಿಯ ಅಡಿಯಲ್ಲಿದ್ದ ಹಳೆಯ ಹೆಸರನ್ನೇ ಓದಿ ಹೇಳಿದ. ಹಿರಿಯ ಮಗ ಒಳಗೆ ಹೋದನೋ ಇಲ್ಲವೋ ಎಂಬುದನ್ನು ಸಾಮತಿ ತಿಳಿಸುವುದಿಲ್ಲ. ಆ ಉತ್ತರವನ್ನು ನಮ್ಮ ನಮ್ಮ ಮನೆಯ ಹೊಸ್ತಿಲಿಗೇ ಬಿಟ್ಟಿದೆ.

ಉಜ್ಜಬೇಕಾದದ್ದು ಯಾವುದು?

ಹಾಗಾದರೆ ಆ ಅಕ್ಷರಗಳ ಗುರುತನ್ನು ಏನು ಮಾಡುವುದು? ಗಾಢವಾದ ಅಕ್ಷರವನ್ನು ಉಜ್ಜಿ ಮಾಸಿಸುವುದೇ? ಹಿರಿಯರು ರಬ್ಬಿಂಗ್ ಕಾಂಪೌಂಡಿನ ಡಬ್ಬಿ ತರಿಸಿ, ಸುತ್ತಲಿನ ಮಾಸಿದ ಭಾಗವನ್ನು ತೋರಿಸಿದರು. ಅದನ್ನು ಒದ್ದೆ ಬಟ್ಟೆಗೆ ಹಚ್ಚಿ, ಹೆಚ್ಚು ಒತ್ತದೆ, ಸ್ವಲ್ಪ ಸ್ವಲ್ಪ ಜಾಗ ಹಿಡಿದು ಉಜ್ಜಿದರೆ ಮೇಲಿನ ಸತ್ತ ಪದರ ಹೋಗಿ ಕೆಳಗಿನ ಜೀವಂತ ಬಣ್ಣ ಮೇಲೆ ಬರುತ್ತದೆ. ಮಗ ಉಜ್ಜತೊಡಗಿದ. ಬಿಳಿ ಬಟ್ಟೆ ಕೆಂಪಾಯಿತು. ನಾಲ್ಕು ವಾರಗಳ ಕಾಲ, ಬಿಡುವಾದಾಗಲೆಲ್ಲ, ಅವನು ಇಡೀ ಗಾಡಿಯನ್ನು ಉಜ್ಜಿದ. ಕೊನೆಗೆ ಮೇಣದ ಪಾಲಿಶ್ ಹಚ್ಚಿದ. ಅಕ್ಷರಗಳು ಈಗ ಬಹುಪಾಲು ಕಾಣುವುದಿಲ್ಲ. ಸುತ್ತಲಿನ ಬಣ್ಣ ಅವುಗಳ ಹತ್ತಿರಕ್ಕೆ ಬಂದಿದೆ. ಓರೆಯಾಗಿ ಬಿಸಿಲು ಬಿದ್ದರೆ ಇನ್ನೂ ಒಂದಿಷ್ಟು ಓದಬಹುದು.

ಬ್ಲೇಡಿನ ಮೂರು ಗೀರುಗಳು ಮಾತ್ರ ಹೋಗಲಿಲ್ಲ. ತುಕ್ಕು ಹಿಡಿಯದಂತೆ ಅವುಗಳಿಗೆ ಸಣ್ಣ ಕುಂಚದಿಂದ ಬಣ್ಣ ತುಂಬಿದ್ದಾರೆ.

ಪಾಪನಿವೇದನೆಯ ಸಂಸ್ಕಾರದಲ್ಲಿ ನಮ್ಮ ಪಾಪ ಪೂರ್ಣವಾಗಿ ಕ್ಷಮಿಸಲ್ಪಡುತ್ತದೆ. ಆದರೂ ಪಾಪ ಬಿಟ್ಟುಹೋದ ದುರಭ್ಯಾಸ, ಮುರಿದ ನಂಬಿಕೆ, ಇತರರಿಗಾದ ನಷ್ಟ ಉಳಿದಿರುತ್ತವೆ, ಅವುಗಳನ್ನು ಸರಿಪಡಿಸುವ ಕೆಲಸ ಬಾಕಿ ಇರುತ್ತದೆ ಎಂದು ಧರ್ಮಸಭೆ ಬೋಧಿಸುತ್ತದೆ. ಗುರುಗಳು ಪ್ರಾಯಶ್ಚಿತ್ತ ವಿಧಿಸುವುದು ಈ ಕಾರಣಕ್ಕೆ. ಪ್ರಾಯಶ್ಚಿತ್ತವೆಂದರೆ ಒದ್ದೆ ಬಟ್ಟೆ ಹಿಡಿದು ಉಜ್ಜುವ ಕೆಲಸ, ಅದಕ್ಕೆ ವಾರಗಳು ಹಿಡಿಯುತ್ತವೆ. ತಪ್ಪು ಮಾಡಿದವನು ಮಾತ್ರವಲ್ಲ, ತಪ್ಪಿಗೆ ಒಳಗಾದ ನಾವೂ ನಮ್ಮ ಮಾಸಿದ ಮನಸ್ಸನ್ನು ಉಜ್ಜಿಕೊಳ್ಳಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕ್ಷಮೆಯೆಂದರೆ ಅನ್ಯಾಯವನ್ನು ಸಹಿಸಿಕೊಂಡು ಕುಳಿತುಕೊಳ್ಳುವುದಲ್ಲ. ಕುಡಿದು ಹೊಡೆಯುವ ಗಂಡನ ಮನೆಯಲ್ಲಿರುವ ತಾಯಿ ಮೊದಲು ತನ್ನನ್ನು, ತನ್ನ ಮಕ್ಕಳನ್ನು ಕಾಪಾಡಿಕೊಳ್ಳಬೇಕು, ನೆರವು ಕೇಳಬೇಕು. ಇದರಲ್ಲಿ ಪಾಪವೇನೂ ಇಲ್ಲ.

ತೆಗೆಯಬಾರದ ಗುರುತು

ಕೆಲಸದ ಕೊನೆಯ ದಿನ ಮನೆಯ ಹುಡುಗ ಉತ್ಸಾಹದಿಂದ ಮುಂದಿನ ಗಾಜಿನ ಮೇಲಿದ್ದ ಚೀಟಿಗಳನ್ನೂ ಕೀಳಲು ಹೋದ. ಅಜ್ಜ ತಡೆದರು. ಒಂದು ಟೋಲ್ ಕಟ್ಟುವ ಫಾಸ್ಟ್ಯಾಗ್. ಇನ್ನೊಂದು, 2019ರ ಏಪ್ರಿಲ್‌ಗೆ ಮೊದಲು ನೋಂದಣಿಯಾದ ಹಳೆಯ ಗಾಡಿಗಳಿಗೂ ನಮ್ಮ ರಾಜ್ಯದಲ್ಲಿ ಕಡ್ಡಾಯ ಮಾಡಿದ ಅತಿಸುರಕ್ಷಿತ ನಂಬರ್ ಪ್ಲೇಟಿನ ಜೊತೆಗೆ ಕೊಡುವ ಚೀಟಿ. ಗಾಡಿಯ ಗುರುತೇ ಅದು. ಕಿತ್ತರೆ ಹರಿದುಹೋಗುತ್ತದೆ, ಮತ್ತೆ ಅಂಟಿಸಲು ಬರುವುದಿಲ್ಲ.

ನಮ್ಮ ಆತ್ಮದ ಮೇಲೂ ಅಂತಹ ಒಂದು ಗುರುತಿದೆ. ವಿಭೂತಿ ಬುಧವಾರ ಹಣೆಗೆ ಇಟ್ಟ ಬೂದಿ ಸಂಜೆಯೊಳಗೆ ಬೆವರಿಗೆ ಹೋಗುತ್ತದೆ. ಅದು ಹೋಗಲೆಂದೇ ಇರುವಂಥದ್ದು. ಅದೇ ಹಣೆಯ ಮೇಲೆ ದೀಕ್ಷಾಸ್ನಾನದ ದಿನ ಗುರುಗಳು ಶಿಲುಬೆಯ ಗುರುತು ಹಾಕಿದ್ದರು. ದೀಕ್ಷಾಸ್ನಾನ, ದೃಢೀಕರಣ, ಗುರುದೀಕ್ಷೆ ಈ ಮೂರು ಸಂಸ್ಕಾರಗಳು ಆತ್ಮದ ಮೇಲೆ ಅಳಿಯದ ಮುದ್ರೆಯನ್ನು ಒತ್ತುತ್ತವೆಂದು 1547ರಲ್ಲಿ ತ್ರೆಂತ್ ಮಹಾಸಭೆ ಸಾರಿತು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಅದನ್ನೇ ಬೋಧಿಸುತ್ತದೆ. ಸಂತ ಅಗಸ್ಟೀನರು (354–430) ಇದನ್ನು ತಮ್ಮ ಕಾಲದ ಸೈನಿಕರ ಮೈಮೇಲಿನ ಗುರುತಿಗೆ ಹೋಲಿಸಿದರು. ಸೈನ್ಯ ಬಿಟ್ಟು ಓಡಿಹೋದ ಸೈನಿಕನ ಮೈಮೇಲೂ ಚಕ್ರವರ್ತಿಯ ಗುರುತು ಇದ್ದೇ ಇರುತ್ತದೆ, ಮರಳಿ ಬಂದಾಗ ಅವನಿಗೆ ಎರಡನೆಯ ಸಲ ಗುರುತು ಹಾಕುವುದಿಲ್ಲ. ಹಾಗೆಯೇ ದೇವರನ್ನು ಬಿಟ್ಟುಹೋದವನು ಮರಳಿದಾಗ ಮತ್ತೆ ದೀಕ್ಷಾಸ್ನಾನ ಕೊಡುವುದಿಲ್ಲ. ಓಡಿಹೋದ ಕಾಲದಲ್ಲೂ ಅವನು ದೇವರಿಗೆ ಸೇರಿದವನೇ ಆಗಿದ್ದ!

ನಾವು ಒಬ್ಬರ ಮೇಲೊಬ್ಬರು ಅಂಟಿಸುವ ‘ದಡ್ಡ’, ‘ಸೋಮಾರಿ’, ‘ಕುಡುಕ’, ‘ಮನೆ ಮುರುಕಿ’ ಎಂಬ ಚೀಟಿಗಳೆಲ್ಲ ಆ ಮುದ್ರೆಯ ಮೇಲೆ ಅಂಟಿಕೊಂಡಿರುತ್ತವೆ. ರೇಡಿಯಂ ಇಲ್ಲದ ಸ್ಟಿಕರಿಗೆ ರೇಡಿಯಂ ಎಂದು ಹೆಸರಿದ್ದಂತೆ, ಅವು ಬಾಯಿಂದ ಬಾಯಿಗೆ ನಡೆದು ನಿಜವೆನಿಸಿಬಿಟ್ಟಿರುತ್ತವೆ. ಅಡಿಯಲ್ಲಿ ದೇವರು ಕೊಟ್ಟ ಬಣ್ಣ ಮಾಸದೆ ಇರುತ್ತದೆ.

ಆ ಮನೆಯ ಸುದ್ದಿ ಕೇಳಬೇಕೆನ್ನಿಸಬಹುದು. ಗರಿಗಳ ಭಾನುವಾರ ಸಂಜೆ ಅಣ್ಣ ಗೋವೆಗೆ ಫೋನು ಮಾಡಿದ. “ಅಪ್ಪಗ ಆರಾಮಿಲ್ಲ, ಹಬ್ಬಕ್ಕ ಬಾ” ಎಂದಷ್ಟೇ ಹೇಳಿದನಂತೆ. ಪುನರುತ್ಥಾನದ ಹಬ್ಬಕ್ಕೆ ತಮ್ಮ ಹೆಂಡತಿ, ಮಗುವಿನೊಡನೆ ಬಂದು ಎರಡು ದಿನ ಇದ್ದು ಹೋದ. ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಬಂಗಾರ ಇನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ, ತಮ್ಮ ತಿಂಗಳು ತಿಂಗಳು ಸ್ವಲ್ಪ ಹಣ ಕಳಿಸುತ್ತಿದ್ದಾನೆ. ಉದ್ಯೋಗ ಮತ್ತೆ ಒಂದಾಗಿಲ್ಲ, ಆಗುತ್ತದೆಂದು ನಾನು ಹೇಳಲಾರೆ. ಆದರೆ ಹೊರಡುವ ಮುನ್ನ ತಮ್ಮ ವ್ಯಾನಿನ ಬಳಿ ನಿಂತು ಆ ಮೂರು ಗೀರುಗಳನ್ನು ಮುಟ್ಟಿ ನೋಡಿದ. “ಇದು ನಾ ಮಾಡಿದ್ದೋ” ಎಂದ ಅಣ್ಣ. ಮಕ್ಕಳು ಈಗ ಅವನನ್ನು ‘ಕಾಕಾ’ ಎಂದು ಕರೆಯುತ್ತಾರೆ.

ಪ್ರಿಯ ಓದುಗರೇ, ಈ ತಪಸ್ಸುಕಾಲದಲ್ಲಿ ಮನೆಯವರೆಲ್ಲ ಸಂಜೆಯ ಜಪಸರ ಮುಗಿಸಿ ಕುಳಿತಾಗ ಹೀಗೆ ಆತ್ಮಶೋಧನೆ ಮಾಡಿಕೊಳ್ಳೋಣ:

ನಮ್ಮ ಮನೆಯಲ್ಲಿ ಹೆಸರು ಹಿಡಿದು ಕರೆಯದೆ ಬಿಟ್ಟವರು ಯಾರು? ಅವರಿಗೆ ನಾನು ಅಂಟಿಸಿದ ಚೀಟಿ ಯಾವುದು?

ಅದನ್ನು ತೆಗೆಯಲು ನನ್ನ ಕೈಯಲ್ಲಿ ಬ್ಲೇಡು ಇದೆಯೋ, ಬಿಸಿ ಇದೆಯೋ?

ಅವರ ತಪ್ಪನ್ನು ಎಣಿಸುತ್ತ ಕುಳಿತ ಈ ವರ್ಷಗಳಲ್ಲಿ ನನ್ನ ಬಣ್ಣ ಎಷ್ಟು ಮಾಸಿದೆ?

ಪ್ರಾರ್ಥಿಸೋಣ: ಕರುಣಾಮಯ ತಂದೆಯೇ, ನೀವು ನಮ್ಮನ್ನು ನಮ್ಮ ಪಾಪದ ಹೆಸರಿನಿಂದ ಕರೆಯದೆ ಮಕ್ಕಳೆಂದು ಕರೆದಿದ್ದೀರಿ. ನಾವು ಇತರರ ಮೇಲೆ ಅಂಟಿಸಿದ ಕಹಿ ಹೆಸರುಗಳನ್ನು ನಮ್ಮ ಕೈಗಳಿಂದಲೇ ತೆಗೆಯುವ ಸಹನೆಯನ್ನು ಕೊಡಿರಿ. ನಿಮ್ಮ ಪವಿತ್ರಾತ್ಮರ ಬಿಸಿಯಿಂದ ನಮ್ಮ ಗಟ್ಟಿಯಾದ ಮನಸ್ಸನ್ನು ಮೆತ್ತಗೆ ಮಾಡಿರಿ. ನಾವು ಮಾಡಿದ ಗಾಯಗಳು ತುಕ್ಕು ಹಿಡಿಯದಂತೆ ಕಾಪಾಡಿರಿ. ದೀಕ್ಷಾಸ್ನಾನದ ದಿನ ನೀವು ನಮಗೆ ಕೊಟ್ಟ ಬಣ್ಣವನ್ನು ನಮ್ಮ ಮನೆಗಳಲ್ಲಿ ಮತ್ತೆ ಬೆಳಗಿಸಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.